ಫಿಲ್ಮಿನಲ್ಲಿ ಕಾಣುವುದು, ಕಾಣದೇ ಇರುವುದು

(ಮಹಿಳಾ ಸ್ವಸಹಾಯ ಸಂಘಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನನ್ನನ್ನು ಇಲ್ಲಿಗೆ ಕರೆಯಲು ಬಂದಿದ್ದ ನಿಮ್ಮ ಸಂಘದ ಪ್ರತಿನಿಧಿ ಹೇಳಿದ್ದು ಇಷ್ಟು: "ಮೇಡಂ, ತಲೆಗೆ ಸ್ಕ್ಯಾನ್ ಮಾಡಿಸಿ ಅಂತಾರೆ. ಸಂಘದಲ್ಲಿ ಸಾಲ ತೆಗೆದು ಮಾಡಿಸ್ತೀವಿ. ಡಾಕ್ಟರು ಫಿಲ್ಮನ್ನ ಬೆಳಕಿಗೆ ಹಿಡಿದು ನೋಡಿ, ನಾರ್ಮಲ್ ಅಂತಲೋ, ಏನೋ ಇದೆ ಅಂತಲೋ ಹೇಳಿ ಕಳಿಸ್ತಾರೆ. ಅದರಲ್ಲಿ ಏನಿರುತ್ತೆ ಅಂತ ನಮಗೆ ತಿಳಿಯೋ ಹಾಗೆ ಹೇಳಿ." ನಾನು ಡಾಕ್ಟರಲ್ಲ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನೂರಾರು ಹುಡುಗಿಯರಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ಆದರೆ ಅದರಿಂದ ಹೊರಬರುವ ಒಂದು ಫಿಲ್ಮು ಹೆಣ್ಣೊಬ್ಬಳ ಬದುಕಿನಲ್ಲಿ ಏನು ಮಾಡಬಲ್ಲದು ಎಂಬುದನ್ನು ಕಲಿತದ್ದು ಮಾತ್ರ ನನ್ನ ಮನೆಯಲ್ಲೇ. ಆ ಕಥೆಯಿಂದಲೇ ಶುರುಮಾಡುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

ನನ್ನ ಅಕ್ಕನ ಮಗಳಿಗೆ 1992ರ ಬೇಸಿಗೆಯಲ್ಲಿ ಮದುವೆಯಾಯಿತು. ವರದಕ್ಷಿಣೆ ಇಲ್ಲ ಎಂದೇ ಮಾತು ಶುರುವಾದದ್ದು. ಕೊನೆಗೆ ಸ್ಕೂಟರು, ಬೀರು, ಹತ್ತು ತೊಲ ಬಂಗಾರ ಎಲ್ಲವೂ ಹೋಯಿತು. ಅದು ನಿಮಗೆ ಹೊಸದಲ್ಲ. ಮೊದಲ ದೀಪಾವಳಿಗೆ ತವರಿಗೆ ಬಂದಿದ್ದ ಹುಡುಗಿ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದಾಗ ಕೈ ಅದುರತೊಡಗಿತು, ಅಲ್ಲೇ ಉರುಳಿ ಬಿದ್ದಳು. ಬಾಯಲ್ಲಿ ನೊರೆ, ಕೈಕಾಲು ಸೆಳೆತ. ಯಾರೋ ಓಡಿ ಹೋಗಿ ಬೀಗದ ಕೈ ತಂದು ಮುಷ್ಟಿಯಲ್ಲಿ ತುರುಕಿದರು, ಇನ್ಯಾರೋ ಈರುಳ್ಳಿ ಹಿಡಿದರು. ಎರಡು ಮೂರು ನಿಮಿಷಕ್ಕೆ ಅದು ತಾನಾಗಿ ನಿಂತಿತು. (ಬೀಗದ ಕೈಗೂ ಸೆಳೆತ ನಿಲ್ಲುವುದಕ್ಕೂ ಸಂಬಂಧವಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು, ಅಷ್ಟೇ.) ಊರಿನ ಡಾಕ್ಟರು ಮೂರ್ಛೆರೋಗ ಎಂದು ಮಾತ್ರೆ ಬರೆದುಕೊಟ್ಟರು. ಆ ರಾತ್ರಿ ಅಕ್ಕ ನನ್ನನ್ನು ಕೇಳಿದಳು: "ಅವರ ಮನೆಗೆ ತಿಳಿಸೋದಾ, ಬೇಡವಾ?"

ಎಂ.ಎಸ್ಸಿ. ಓದಿದ ನಾನು ಹೇಳಿದೆ: "ಬೇಡ. ಮಾತ್ರೆ ನುಂಗಿಕೊಂಡು ಸುಮ್ಮನಿರಲಿ."

ಹುಡುಗಿ ಮಾತ್ರೆಗಳನ್ನು ಗಂಡನ ಮನೆಯ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಳು. ಅತ್ತೆ ಅಡುಗೆಮನೆಯಲ್ಲಿದ್ದ ದಿನ ತೆಗೆಯಲಾಗುತ್ತಿರಲಿಲ್ಲ. ಎರಡು ದಿನ ತಪ್ಪಿತು, ಮೂರು ದಿನ ತಪ್ಪಿತು. ಸಂಕ್ರಾಂತಿಯ ಮುಂಚೆ ಒಲೆಯ ಮುಂದೆಯೇ ಸೆಳೆತ ಬಂದು ಬಿದ್ದಳು. ಬಲಗೈ ಮೊಣಕೈವರೆಗೆ ಸುಟ್ಟಿತು. ಮಾರನೆಯ ವಾರ ಅವಳನ್ನು ಆಟೋದಲ್ಲಿ ತಂದು ಬಾಗಿಲ ಮುಂದೆ ಇಳಿಸಿ ಹೋದರು. "ರೋಗದ ಹುಡುಗೀನ ಗಂಟು ಹಾಕಿದಿರಿ" ಎಂಬ ಮಾತು, ಅದರ ಹಿಂದೆಯೇ ಐವತ್ತು ಸಾವಿರದ ಮಾತು.

ಆಗ ನಾವು ಬೆಂಗಳೂರಿಗೆ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಆ ಫಿಲ್ಮಿನ ಮಾತಿಗೆ ಮೊದಲು ಯಂತ್ರದ ವಿಷಯ ಸ್ವಲ್ಪ ಹೇಳಬೇಕು.

ಗೋಡೆಯ ಮೇಲೆ ದೀಪದ ಬೆಳಕಿನಲ್ಲಿ ಕೈಯ ನೆರಳು ಬೀಳಿಸಿ ಮಕ್ಕಳಿಗೆ ಜಿಂಕೆ, ಮೊಲ ತೋರಿಸಿದ್ದೀರಲ್ಲ? ಅಂಗೈಯನ್ನು ಗೋಡೆಗೆ ಎದುರಾಗಿ ಹಿಡಿದರೆ ಐದು ಬೆರಳೂ ಕಾಣುತ್ತವೆ. ಕೈಯನ್ನು ಅಡ್ಡ ತಿರುಗಿಸಿದರೆ ಒಂದೇ ಕಡ್ಡಿ ಕಾಣುತ್ತದೆ. ಎಕ್ಸ್-ರೇ ಅಂದರೆ ಅಂಥ ಒಂದು ನೆರಳು. ಅದರಲ್ಲಿ ತಲೆಬುರುಡೆಯ ಮೂಳೆ ಚೆನ್ನಾಗಿ ಕಾಣುತ್ತದೆ, ಒಳಗಿನ ಮೆದು ಮಿದುಳು ಕಾಣುವುದಿಲ್ಲ. ಹಿಂದೆ ಮಿದುಳಿನ ಆಕಾರ ತಿಳಿಯಲು ಬೆನ್ನುಹುರಿಯ ಸುತ್ತಲಿನ ನೀರನ್ನು ತೆಗೆದು ಅಲ್ಲಿಗೆ ಗಾಳಿ ತುಂಬಿ ಎಕ್ಸ್-ರೇ ತೆಗೆಯುತ್ತಿದ್ದರು. ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯ 1918-19ರಲ್ಲಿ ಕಂಡುಹಿಡಿದ ವಿಧಾನ ಅದು. ಮಾಡಿಸಿಕೊಂಡವರು ತಲೆನೋವು, ವಾಂತಿಯಿಂದ ದಿನಗಟ್ಟಲೆ ನರಳುತ್ತಿದ್ದರು.

ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಬೇರೆ ದಾರಿ ಹಿಡಿದ. ಅವನಿದ್ದದ್ದು ಇ.ಎಂ.ಐ. ಕಂಪನಿಯಲ್ಲಿ; ನಾಯಿ ಕುಳಿತು ಹಾಡು ಕೇಳುವ ಚಿತ್ರದ ಗ್ರಾಮಫೋನ್ ತಟ್ಟೆಗಳು ಹಿರಿಯರಿಗೆ ನೆನಪಿರಬಹುದು, ಅದೇ ಕಂಪನಿ. ಒಂದು ನೆರಳು ಸಾಲದಿದ್ದರೆ ತಲೆಯ ಸುತ್ತ ತಿರುಗಿ ನೂರಾರು ಕಡೆಯಿಂದ ನೆರಳು ತೆಗೆಯೋಣ, ಅವನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು ಒಳಗೆ ಎಲ್ಲೆಲ್ಲಿ ಏನೇನಿದೆ ಎಂದು ಲೆಕ್ಕ ಹಾಕಿಸೋಣ ಎಂದು ಅವನು ಯೋಚಿಸಿದ. ಬದನೆಕಾಯಿ ಕೊಯ್ದರೆ ಬಿಲ್ಲೆಬಿಲ್ಲೆಯಾಗಿ ಒಳಗಿನ ಹುಳುಕು ಕಾಣುತ್ತದಲ್ಲ, ಹಾಗೆ ತಲೆಯನ್ನು ಕೊಯ್ಯದೆಯೇ ಬಿಲ್ಲೆಗಳನ್ನು ತೋರಿಸುವ ಯಂತ್ರ ಅದು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಚಿತ್ರ ತೆಗೆದರು. ಆ ಮೊದಲ ರೋಗಿ ಒಬ್ಬ ಹೆಂಗಸು. ಮಿದುಳಿನ ಮುಂಭಾಗದಲ್ಲಿ ಗೆಡ್ಡೆಯಿದೆ ಎಂಬ ಅನುಮಾನವಿತ್ತು. ಅದು ಚಿತ್ರದಲ್ಲಿ ಕಂಡಿತು. 1979ರಲ್ಲಿ ಹೌನ್ಸ್‌ಫೀಲ್ಡ್‌ಗೂ, ಇದರ ಗಣಿತವನ್ನು ಮೊದಲೇ ಬಿಡಿಸಿದ್ದ ಅಲನ್ ಕಾರ್ಮ್ಯಾಕ್‌ಗೂ ನೊಬೆಲ್ ಬಹುಮಾನ ಬಂತು.

ಎಂ.ಆರ್.ಐ. ಬೇರೆ ಬಗೆಯದು. ಅದರಲ್ಲಿ ಎಕ್ಸ್-ರೇ ಇಲ್ಲ. ನಮ್ಮ ಮೈಯಲ್ಲಿ ಇರುವುದರಲ್ಲಿ ಹೆಚ್ಚು ಪಾಲು ನೀರು. ದೊಡ್ಡ ಅಯಸ್ಕಾಂತದೊಳಗೆ ಮಲಗಿಸಿದಾಗ ಆ ನೀರಿನ ಜಲಜನಕದ ಕಣಗಳು ದಿಕ್ಸೂಚಿಯ ಮುಳ್ಳುಗಳ ಹಾಗೆ ಸಾಲುಗೂಡುತ್ತವೆ. ರೇಡಿಯೋ ಅಲೆಯಿಂದ ಅವನ್ನು ಒಮ್ಮೆ ಅಲುಗಿಸಿ ಬಿಟ್ಟರೆ ಮತ್ತೆ ಸಾಲಿಗೆ ಬರುವಾಗ ಅವೂ ಒಂದು ಸಣ್ಣ ಸಂಕೇತ ಕೊಡುತ್ತವೆ. ಅದನ್ನು ಹಿಡಿದು ಚಿತ್ರ ಮಾಡುತ್ತಾರೆ. ಒಳಗೆ ಟಕಟಕ ಎಂದು ಸುತ್ತಿಗೆ ಬಡಿದ ಹಾಗೆ ಸದ್ದು, ಅಲ್ಲಾಡದೆ ಮಲಗಿರಬೇಕು. ಲೋಹವನ್ನೆಲ್ಲ ತೆಗೆದಿಡಬೇಕು. ಇಲ್ಲೊಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ನಮ್ಮ ಬೀದಿಯ ಒಬ್ಬ ಸೊಸೆಯ ಜೊತೆ ಹೋಗಿದ್ದೆ. ತಾಳಿ, ಕಾಲುಂಗುರ ತೆಗೆಯಬೇಕೆಂದ ಕೂಡಲೇ ಅತ್ತೆ ಎದ್ದು ನಿಂತರು: "ನನ್ನ ಮಗ ಬದುಕಿದಾನೆ!" ಆ ಸ್ಕ್ಯಾನ್ ಕೋಣೆಯ ಹುಡುಗಿ ಜಾಣೆ. "ಅಮ್ಮಾ, ನೀವೇ ಕೈಯಲ್ಲಿ ಹಿಡ್ಕೊಂಡು ಕೂತಿರಿ" ಎಂದಳು. ಮುಕ್ಕಾಲು ಗಂಟೆ ಆ ಅತ್ತೆ ಮುಷ್ಟಿ ಬಿಚ್ಚದೆ ಬೆಂಚಿನ ಮೇಲೆ ಕುಳಿತಿದ್ದರು. ಸೊಸೆ ಹೊರಗೆ ಬಂದವಳು ನನ್ನ ಕಿವಿಯಲ್ಲಿ ಹೇಳಿದ್ದು: "ಸದ್ದಿದ್ದರೂ ನಿದ್ದೆ ಬಂದುಬಿಡ್ತು ಮೇಡಂ. ಇಷ್ಟು ಹೊತ್ತು ಯಾರೂ ನನ್ನ ಕೂಗಲಿಲ್ಲ."

ನಮ್ಮ ಹುಡುಗಿಯ ಫಿಲ್ಮಿಗೆ ಬರೋಣ. ಎಡಗಡೆ, ನೆತ್ತಿಯಿಂದ ಸ್ವಲ್ಪ ಕೆಳಗೆ, ಮೆಣಸುಕಾಳಿನಷ್ಟು ಒಂದು ಬಿಳಿಯ ಉಂಗುರ. ಸುತ್ತ ಕಪ್ಪಗೆ ಊತ. ಮೊದಲು ನೋಡಿದ ಡಾಕ್ಟರು ಕ್ಷಯದ ಗೆಡ್ಡೆ ಎಂದರು. ಒಂದೂವರೆ ವರ್ಷ ಕ್ಷಯದ ಮಾತ್ರೆ ಎಂದರು. ಇನ್ನೊಬ್ಬರು, ನರರೋಗ ತಜ್ಞರು, ನೋಡಿ ತಲೆಯಲ್ಲಾಡಿಸಿದರು: "ಇದು ಲಾಡಿಹುಳದ ಮರಿ."

ಮಿದುಳಿನಲ್ಲಿ ಹುಳವೇ? ಅಕ್ಕ ಅಲ್ಲೇ ಅಳತೊಡಗಿದಳು. "ನಾವು ಮಾಂಸ ಮುಟ್ಟಿದವರಲ್ಲ" ಎಂದಳು. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಈ ಲಾಡಿಹುಳ ಬೆಳೆಯುತ್ತದೆ. ಅವರ ಮಲದಲ್ಲಿ ಮೊಟ್ಟೆಗಳು ಹೊರಬರುತ್ತವೆ. ಆ ಮೊಟ್ಟೆಗಳು ಕೊಳಕು ನೀರಿನಿಂದ, ತೊಳೆಯದ ಸೊಪ್ಪು ತರಕಾರಿಯಿಂದ, ಕೈ ತೊಳೆಯದೆ ಬಡಿಸಿದವರ ಕೈಯಿಂದ ಯಾರ ಹೊಟ್ಟೆಗಾದರೂ ಹೋಗಬಹುದು. ಅಲ್ಲಿಂದ ಮರಿ ರಕ್ತದ ಜೊತೆ ಮಿದುಳಿಗೆ ಸೇರುತ್ತದೆ. ಮಾಂಸ ಮುಟ್ಟದವರಿಗೂ ಬರುವುದು ಹೀಗೆ. ಇದರಲ್ಲಿ ಜಾತಿಯೂ ಇಲ್ಲ, ಪಾಪವೂ ಇಲ್ಲ. ಇರುವುದು ಕಕ್ಕಸು ಮತ್ತು ಕುಡಿಯುವ ನೀರಿನ ಪ್ರಶ್ನೆ.

ಆ ತಜ್ಞರು ಹಾಗೆ ಹೇಳಲು ಆಧಾರವಿತ್ತು. ನಮ್ಮ ದೇಶದಲ್ಲಿ ಸಿ.ಟಿ. ಯಂತ್ರಗಳು ಬಂದ ಮೇಲೆ ಫಿಟ್ಸ್ ಇದ್ದ ಬಹಳ ಜನರ ಚಿತ್ರದಲ್ಲಿ ಇದೇ ಒಂಟಿ ಉಂಗುರ ಕಾಣತೊಡಗಿತು. ಎಲ್ಲರನ್ನೂ ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಔಷಧ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಡಾ. ವೇದಾಂತಂ ರಾಜಶೇಖರ್ ಮತ್ತು ಅವರ ಸಂಗಡಿಗರು ಇವುಗಳಲ್ಲಿ ಹೆಚ್ಚಿನವು ಸಾಯುತ್ತಿರುವ ಹುಳದ ಮರಿಗಳು, ಬಹುಪಾಲು ತಾವಾಗಿಯೇ ಕರಗುತ್ತವೆ ಎಂದು ತೋರಿಸಿಕೊಟ್ಟರು. ಉಂಗುರದ ಅಳತೆ, ಊತದ ಪ್ರಮಾಣ ನೋಡಿ ಇದನ್ನು ಕ್ಷಯದಿಂದ ಬೇರ್ಪಡಿಸುವ ಲಕ್ಷಣಗಳನ್ನೂ ಹೇಳಿದರು. ಹೀಗೆ ಒಂದು ಚಿತ್ರವನ್ನು ಸರಿಯಾಗಿ ಓದಲು ಕಲಿತದ್ದರಿಂದ ಎಷ್ಟೋ ಜನರಿಗೆ ಬೇಡದ ಔಷಧ ತಪ್ಪಿತು.

ಹುಡುಗಿಗೆ ಸೆಳೆತ ತಡೆಯುವ ಮಾತ್ರೆ ಮುಂದುವರಿಸಿದರು. ಮೂರು ತಿಂಗಳ ನಂತರ ಇನ್ನೊಂದು ಫಿಲ್ಮು. ಉಂಗುರ ಇರಲಿಲ್ಲ.

ಅಷ್ಟರಲ್ಲಿ ಗಂಡನ ಕಡೆಯಿಂದ ವಕೀಲರ ನೋಟೀಸು ಬಂದಿತ್ತು. ಹುಡುಗಿಗೆ ಮದುವೆಗೆ ಮುಂಚೆಯೇ ಮೂರ್ಛೆರೋಗವಿತ್ತು, ಮುಚ್ಚಿಟ್ಟು ಮೋಸ ಮಾಡಿದ್ದಾರೆ, ಮದುವೆ ರದ್ದಾಗಬೇಕು ಎಂದು. ಆಗ ಕಾನೂನಿನಲ್ಲಿ ಅದಕ್ಕೆ ದಾರಿಯೂ ಇತ್ತು. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಬುದ್ಧಿಭ್ರಮಣೆಯ ಜೊತೆಗೆ ಮೂರ್ಛೆರೋಗವನ್ನೂ ಸೇರಿಸಿದ್ದರು. ಮದುವೆಗೆ ಅಡ್ಡಿಯೆಂದು ಬರೆದಿದ್ದ ಆ ಪದವನ್ನು ತೆಗೆದುಹಾಕಿದ್ದು 1999ರಲ್ಲಿ. ಇಂದು ಯಾರಾದರೂ ನಿಮ್ಮ ಮಗಳಿಗೆ "ಫಿಟ್ಸ್ ಇದ್ದರೆ ಮದುವೆಯೇ ಕಾನೂನುಬದ್ಧ ಅಲ್ಲ" ಎಂದರೆ ಆ ಇಸವಿಯನ್ನು ಹೇಳಿ.

ನೋಟೀಸಿನ ಜೊತೆ ಮೊದಲ ಸ್ಕ್ಯಾನಿನ ವರದಿಯ ನಕಲು ಇತ್ತು. ಅದು ಅವರ ಕೈಗೆ ಹೇಗೆ ಹೋಯಿತೋ ಇವತ್ತಿಗೂ ತಿಳಿಯದು. ಅದೇ ಉಂಗುರ! ಡಾಕ್ಟರಿಗೆ ಅದು ವಾಸಿಯಾಗುವ ಒಂದು ಊತ, ಅವರಿಗೆ ಮೋಸದ ಸಾಕ್ಷಿ. ನರರೋಗ ತಜ್ಞರು ಒಂದು ಪತ್ರ ಬರೆದುಕೊಟ್ಟರು. ಮರಿ ಯಾವಾಗ ಒಳಹೊಕ್ಕಿತೆಂದು ಯಾರೂ ಹೇಳಲಾರರು, ಆದರೆ ಸೆಳೆತಕ್ಕೆ ಕಾರಣವಾದ ಊತ ಇತ್ತೀಚಿನದು, ಈಗ ಅದು ಮಾಯವಾಗಿದೆ ಎಂದು. ಎರಡು ಫಿಲ್ಮುಗಳನ್ನೂ ಪತ್ರವನ್ನೂ ನಮ್ಮ ವಕೀಲರು ಮುಂದಿಟ್ಟ ಮೇಲೆ ಆ ಕಡೆಯಿಂದ ಮಾತು ನಿಂತಿತು. ನಂತರ "ಕಳಿಸಿಕೊಡಿ" ಎಂದು ಹೇಳಿಕಳಿಸಿದರು. ಹುಡುಗಿ ಹೋಗಲಿಲ್ಲ. ಆಮೇಲೆ ಟಿ.ಸಿ.ಎಚ್. ಮಾಡಿದಳು, ಶಾಲೆ ಸೇರಿದಳು. ಎರಡು ವರ್ಷ ಮಾತ್ರೆ ತೆಗೆದುಕೊಂಡು ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ಬಿಟ್ಟಳು. ಕೈಯ ಮೇಲಿನ ಸುಟ್ಟ ಗಾಯದ ಗುರುತು ಮಾತ್ರ ಉಳಿದಿದೆ. ಅದು ನನ್ನ ಒಂದು ಮಾತಿನಿಂದ ಆದದ್ದು. ಮುಚ್ಚಿಡು ಎಂದವಳು ನಾನು.

ಎಲ್ಲರ ಮೂರ್ಛೆರೋಗವೂ ಇಷ್ಟು ಸುಲಭವಾಗಿ ಹೋಗುವುದಿಲ್ಲ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ. ಸರಿಯಾಗಿ ಗುರುತಿಸಿ ಚಿಕಿತ್ಸೆ ಕೊಟ್ಟರೆ 100ಕ್ಕೆ 70ರವರೆಗೆ ಜನ ಸೆಳೆತವಿಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತ್ರೆಗೆ ಬಗ್ಗದ ಕೆಲವರಲ್ಲಿ ಎಂ.ಆರ್.ಐ. ಒಂದು ಕಾರಣ ತೋರಿಸುತ್ತದೆ: ಕಿವಿಯ ನೇರಕ್ಕೆ ಒಳಗಿರುವ ಮಿದುಳಿನ ಭಾಗದಲ್ಲಿ ಗಾಯ ಒಣಗಿ ಗಟ್ಟಿಯಾದಂಥ ಒಂದು ಸುಕ್ಕು. ಆ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಹಲವರಿಗೆ ಸೆಳೆತ ನಿಲ್ಲುತ್ತದೆ. ಕೆನಡಾದಲ್ಲಿ ಇಂಥ 80 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಎಚ್ಚರ ತಪ್ಪಿಸುವ ಸೆಳೆತಗಳಿಂದ ಬಿಡುಗಡೆಯಾದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 100ಕ್ಕೆ 58, ಬರೀ ಮಾತ್ರೆಯ ಗುಂಪಿನಲ್ಲಿ 8. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಎಲ್ಲಿ ಕೊಯ್ಯಬೇಕು ಎಂದು ತಿಳಿಯಲು ಚಿತ್ರ ನೆರವಾಗುತ್ತದೆ.

ಇದಕ್ಕೆ ತಿರುಗಾಮುರುಗಾ ಇರುವುದೂ ಉಂಟು. ರೋಗ ಇದೆ, ಫಿಲ್ಮಿನಲ್ಲಿ ಏನೂ ಇಲ್ಲ. ಹಂಡೆಯ ಬಿಸಿನೀರನ್ನು ಚೊಂಬಿನಿಂದ ತಲೆಯ ಮೇಲೆ ಹುಯ್ದುಕೊಳ್ಳುವಾಗ ಕೆಲವರಿಗೆ ಸೆಳೆತ ಬರುತ್ತದೆ. ನಮ್ಮ ಮೈಸೂರು ಸೀಮೆಯಲ್ಲೇ ಇದು ಹೆಚ್ಚು. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ಇದರ ಬಗ್ಗೆ ಬರೆದರು, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮುಂತಾದವರು ಮುಂದೆ ಅಧ್ಯಯನ ಮಾಡಿದರು. ಇಂಥವರ ಸಾಮಾನ್ಯ ಸ್ಕ್ಯಾನ್ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಕೆಲವರಲ್ಲಿ ಸೆಳೆತದ ಹೊತ್ತಿನ ರಕ್ತದ ಹರಿವನ್ನು ತೋರಿಸುವ ಬೇರೆ ಬಗೆಯ ಚಿತ್ರ ತೆಗೆದಾಗ ಮಾತ್ರ ಮಿದುಳಿನ ಒಂದು ಭಾಗ ಕೆರಳಿದ್ದು ಕಂಡಿತು. ಬಾಣಂತಿಯೊಬ್ಬಳು ಬಚ್ಚಲಲ್ಲಿ ಬಿದ್ದರೆ "ಗಾಳಿ ಸೋಕಿದೆ" ಎನ್ನುವ ಮೊದಲು ನೀರಿನ ಬಿಸಿ ಎಷ್ಟಿತ್ತೆಂದು ಕೇಳಿ. ಎಷ್ಟೋ ಜನರಿಗೆ ಉಗುರುಬೆಚ್ಚನೆಯ ನೀರಿನ ಸ್ನಾನವೇ ಅರ್ಧ ಔಷಧ.

ಇನ್ನೂ ಒಂದು ಬಗೆ ಇದೆ. ಹೆಂಗಸು ಸೆಳೆತ ಬಂದ ಹಾಗೆ ಬೀಳುತ್ತಾಳೆ, ಸ್ಕ್ಯಾನ್ ಸರಿಯಿದೆ, ಮಿದುಳಿನ ವಿದ್ಯುತ್ತನ್ನು ಅಳೆಯುವ ಇ.ಇ.ಜಿ.ಯಲ್ಲಿಯೂ ಏನೂ ಇಲ್ಲ. ಮನೆಯವರು ಕೂಡಲೇ "ನಾಟಕ" ಎನ್ನುತ್ತಾರೆ. ನಾಟಕವಲ್ಲ. ತಡೆಯಲಾರದ ಹೆದರಿಕೆ, ಹಿಂಸೆ, ನುಂಗಿಕೊಂಡ ದುಃಖ ಮೈಯನ್ನು ಹಾಗೆ ಬೀಳಿಸಬಲ್ಲದು. ಅವಳು ಬೇಕೆಂದು ಮಾಡುವುದಿಲ್ಲ. ಅದಕ್ಕೂ ಚಿಕಿತ್ಸೆಯಿದೆ, ಮಾತಿನ ಮೂಲಕ.

ಈಗ ಪೆಟ್ಟಿನ ವಿಷಯ. ನಿಮ್ಮಲ್ಲಿ ಬಹಳ ಜನ ಇದಕ್ಕಾಗಿಯೇ ಕಾದಿದ್ದೀರಿ ಎಂದು ನನಗೆ ಗೊತ್ತು.

ಐವತ್ತೆಂಟು ವರ್ಷದ ಒಬ್ಬ ತಾಯಿ. ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಲಿಲ್ಲವೆಂದು ಮಗನೇ ತಳ್ಳಿದ. ತಲೆ ಹೊಸಿಲಿಗೆ ಬಡಿಯಿತು. ಆಸ್ಪತ್ರೆಯಲ್ಲಿ "ಬಚ್ಚಲಲ್ಲಿ ಜಾರಿ ಬಿದ್ದೆ" ಎಂದರು. ಸಿ.ಟಿ. ಮಾಡಿದರು, ಏನೂ ಕಾಣಲಿಲ್ಲ. ಮಗ ಆ ವರದಿಯನ್ನು ಊರಿಗೆಲ್ಲ ತೋರಿಸಿದ: "ನೋಡಿ, ಏನೂ ಆಗಿಲ್ಲ, ಸುಮ್ಮನೆ ಗೋಳಾಡ್ತಾಳೆ." ಐದು ವಾರದ ಮೇಲೆ ಆಕೆ ತೂಕಡಿಸತೊಡಗಿದರು, ಎಡಗಾಲು ಎಳೆಯತೊಡಗಿತು, ಉಪ್ಪಿನ ಬದಲು ಸಕ್ಕರೆ ಹಾಕತೊಡಗಿದರು. ವಯಸ್ಸಾಯಿತು ಎಂದರು ಮನೆಯವರು. ಸಂಘದ ಹೆಂಗಸರು ಎತ್ತಿಕೊಂಡು ಹೋಗಿ ಇನ್ನೊಂದು ಸಿ.ಟಿ. ಮಾಡಿಸಿದರು. ಮಿದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ಜಿನುಗಿದ ರಕ್ತ ನೀರಾಗಿ ನಿಂತು ಮಿದುಳನ್ನು ಒತ್ತುತ್ತಿತ್ತು. ಬುರುಡೆಗೆ ಸಣ್ಣ ರಂಧ್ರ ಮಾಡಿ ತೆಗೆದರು. ವಾರದಲ್ಲಿ ಎದ್ದು ನಡೆದರು.

ಮೊದಲ ಫಿಲ್ಮು ಸುಳ್ಳು ಹೇಳಲಿಲ್ಲ. ಆ ದಿನ ಅಲ್ಲಿ ರಕ್ತ ಇರಲಿಲ್ಲ, ಅಷ್ಟೇ. ಫಿಲ್ಮು ಆ ಗಳಿಗೆಯದು ಮಾತ್ರ. ತಲೆಗೆ ಪೆಟ್ಟು ಬಿದ್ದ ಮೇಲೆ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ತೊದಲು, ಮಂಪರು, ಒಂದು ಕಡೆಯ ಕೈಕಾಲು ಸೋಲುವುದು, ಸೆಳೆತ, ಕಿವಿ ಮೂಗಿನಿಂದ ನೀರಿನಂಥದ್ದು ಸುರಿಯುವುದು, ಇವುಗಳಲ್ಲಿ ಒಂದಿದ್ದರೂ ಹಳೆಯ ವರದಿ ಏನೇ ಹೇಳಲಿ, 108ಕ್ಕೆ ಫೋನು ಮಾಡಿ.

ಇನ್ನು ಗೋಡೆಗೆ ತಲೆ ಜಜ್ಜಿ, ಕಪಾಳಕ್ಕೆ ಹೊಡೆದು, ಕೂದಲು ಹಿಡಿದು ಅಲುಗಾಡಿಸಿ, ಹೀಗೆ ವರ್ಷಗಟ್ಟಲೆ ಆದ ಸಣ್ಣ ಸಣ್ಣ ಆಘಾತಗಳು ಸಿ.ಟಿ.ಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಮಿದುಳಿನೊಳಗಿನ ಎಳೆಗಳು ಜಗ್ಗಿರುತ್ತವೆ, ರಕ್ತ ಬಂದಿರುವುದಿಲ್ಲ. ಅಮೆರಿಕದಲ್ಲಿ ಈವ್ ವಲೇರಾ ಎಂಬ ಸಂಶೋಧಕಿ ಗಂಡನಿಂದ ಅಥವಾ ಸಂಗಾತಿಯಿಂದ ಹೊಡೆತ ತಿಂದ 99 ಹೆಂಗಸರನ್ನು ಮಾತಾಡಿಸಿ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರಿಗೆ ಒಮ್ಮೆಯಾದರೂ ಮಿದುಳಿಗೆ ಆಘಾತವಾಗಿತ್ತು, ಅರ್ಧದಷ್ಟು ಜನಕ್ಕೆ ಹಲವು ಬಾರಿ. ಹೆಚ್ಚು ಆಘಾತವಾದವರಿಗೆ ನೆನಪು, ಕಲಿಕೆ ಕಡಿಮೆ. ಮುಂದೆ ಅವರು ಇಂಥ 20 ಹೆಂಗಸರ ಮಿದುಳಿನ ಎಂ.ಆರ್.ಐ. ತೆಗೆದು, ವಿಶ್ರಾಂತಿಯಲ್ಲಿರುವಾಗ ಮಿದುಳಿನ ಯಾವ ಭಾಗ ಯಾವುದರ ಜೊತೆ ಹೊಂದಿ ಕೆಲಸ ಮಾಡುತ್ತದೆ ಎಂದು ನೋಡಿದರು. ಆಘಾತ ಹೆಚ್ಚಿದ್ದವರಲ್ಲಿ ಆ ಹೊಂದಾಣಿಕೆ ಬೇರೆಯಾಗಿತ್ತು. ಇದು ಸಂಶೋಧನೆಯ ಚಿತ್ರ. ನಾಳೆ ನಿಮ್ಮಲ್ಲೊಬ್ಬರು ಹೋಗಿ ಮಾಡಿಸಿಕೊಂಡು ಬಂದು "ನೋಡಿ, ಇಲ್ಲಿದೆ ಪೆಟ್ಟು" ಎಂದು ನ್ಯಾಯಾಧೀಶರಿಗೆ ತೋರಿಸುವಂಥದ್ದಲ್ಲ. ಆದರೆ "ಇವಳಿಗೆ ಮರೆವು, ಒಲೆ ಆರಿಸೋದು ಮರೀತಾಳೆ, ಹೇಳಿದ್ದು ತಲೆಗೆ ಹತ್ತೋದಿಲ್ಲ, ಅದಕ್ಕೇ ಹೊಡೀತೀನಿ" ಎನ್ನುವ ಗಂಡಸರನ್ನು ನಾವೆಲ್ಲ ಕೇಳಿದ್ದೇವೆ. ಮರೆವಿಗೆ ಹೊಡೆತವೇ ಕಾರಣವಿರಬಹುದಲ್ಲ ಎಂದು ತಿರುಗಿ ಕೇಳಲು ಈಗ ನಮ್ಮ ಹತ್ತಿರ ಆಧಾರವಿದೆ.

ಒಂದು ಮಾತನ್ನು ಮಾತ್ರ ದಯವಿಟ್ಟು ನೆನಪಿಟ್ಟುಕೊಳ್ಳಿ. ಯಾವ ಚಿತ್ರ ತೆಗೆಯಬೇಕು, ಎಲ್ಲಿ ನೋಡಬೇಕು ಎಂದು ನಿರ್ಧಾರವಾಗುವುದು ನೀವು ಡಾಕ್ಟರಿಗೆ ಏನು ಹೇಳುತ್ತೀರಿ ಎಂಬುದರ ಮೇಲೆ. ಕುತ್ತಿಗೆ ಹಿಚುಕಿದ್ದಾನೆ ಎಂದು ಹೇಳದಿದ್ದರೆ ಕುತ್ತಿಗೆಯ ರಕ್ತನಾಳಗಳನ್ನು ಯಾರೂ ನೋಡುವುದಿಲ್ಲ. ಅಲ್ಲಿ ಒಳಪದರ ಹರಿದಿದ್ದರೆ ಕೆಲವು ದಿನಗಳ ಮೇಲೂ ಪಾರ್ಶ್ವವಾಯು ಆಗಬಹುದು, ಹೊರಗೆ ಚರ್ಮದ ಮೇಲೆ ಗುರುತೇ ಇಲ್ಲದಿರಬಹುದು. ಗಂಡನೋ ಮಗನೋ ಪಕ್ಕದಲ್ಲೇ ನಿಂತಿದ್ದರೆ "ಡಾಕ್ಟರ ಹತ್ತಿರ ಒಬ್ಬಳೇ ಮಾತಾಡಬೇಕು" ಎನ್ನಿ. ಬಾಯಿ ಬರದಿದ್ದರೆ ಸಂಘದವರು ಜೊತೆಗೆ ಹೋಗಿ ನರ್ಸಮ್ಮನ ಕಿವಿಗೆ ಹಾಕಿ. ಹೊಡೆತ ಎಂದು ಕೇಸ್ ಶೀಟಿನಲ್ಲಿ ಬರೆಸಿ, ಮೆಡಿಕೋ-ಲೀಗಲ್ ಎಂದು ದಾಖಲಿಸಲು ಹೇಳಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಪ್ರಕಾರ ಹಿಂಸೆಗೊಳಗಾದವಳು ಅಥವಾ ಅವಳ ಪರವಾಗಿ ಸಂರಕ್ಷಣಾಧಿಕಾರಿ ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ಗಂಡನ ಮನೆಯವರ ಕ್ರೌರ್ಯಕ್ಕೆ ಹಿಂದೆ 498ಎ ಎನ್ನುತ್ತಿದ್ದೆವು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮು.

ಫಿಲ್ಮು, ವರದಿ ಎರಡನ್ನೂ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮನೆಯಲ್ಲಿ ಭರವಸೆ ಇಲ್ಲದಿದ್ದರೆ ಸಂಘದ ಪೆಟ್ಟಿಗೆಯಲ್ಲಿಡಿ, ಪಾಸ್‌ಬುಕ್ಕಿನ ಜೊತೆಗೆ.

ನನ್ನ ಅಕ್ಕನ ಮಗಳು ತನ್ನ ಎರಡು ಫಿಲ್ಮುಗಳನ್ನು ಇವತ್ತು ನನ್ನ ಕೈಯಲ್ಲಿ ಕೊಟ್ಟು ಕಳಿಸಿದ್ದಾಳೆ. "ತೋರಿಸಿ ಚಿಕ್ಕಮ್ಮಾ, ನನ್ನ ಹೆಸರಿರೋ ಮೂಲೆಗೆ ಕಾಗದ ಅಂಟಿಸಿದೀನಿ" ಎಂದಳು. ಹಳೆಯವು, ಸ್ವಲ್ಪ ಮಾಸಿವೆ, ಆದರೂ ಉಂಗುರ ಕಾಣುತ್ತದೆ. ಟೀ ಬರುವಷ್ಟರಲ್ಲಿ ಆ ಕಿಟಕಿಯ ಹತ್ತಿರ ಬನ್ನಿ. ಅಲ್ಲಿ ಬೆಳಕು ಚೆನ್ನಾಗಿದೆ.